ಟೊಪಗಿ ಕಾಕಾನ ಗಡ್ಡ

ಶೆವಂತಾ ಮಾವಶಿ ಬಟ್ಟೆಯನ್ನು ಮೊದಲು ಮೂಗಿನಿಂದ ನೋಡುತ್ತಿದ್ದಳು, ಆಮೇಲೆ ಕಣ್ಣಿನಿಂದ. ಕೌದಿ ಹೊಲಿಸಲೆಂದು ಯಾರಾದರೂ ಹಳೆ ಸೀರೆಗಳ ಗಂಟು ತಂದು ಬಿಚ್ಚಿದರೆ, ಒಂದೊಂದನ್ನೇ ಎತ್ತಿ ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದು, ಅದನ್ನು ಯಾರು ಉಟ್ಟಿದ್ದರೆಂದು ಹೇಳಿಬಿಡುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಮಿಶ್ರಿ ತಿಕ್ಕುವ ಬಾಯಿ, ಅದರ ಮೇಲೆ ಇಂಥ ಮೂಗು. ಸುಟ್ಟ ತಂಬಾಕಿನ ಆ ಪುಡಿಯ ಘಾಟಿಗೆ ನಮಗೆ ಅವಳ ಪಕ್ಕ ಕೂತರೆ ಸೀನು ಬರುತ್ತಿತ್ತು. ಅವಳಿಗೆ ಮಾತ್ರ ಹತ್ತು ವರ್ಷ ಟ್ರಂಕಿನಲ್ಲಿ ಕೊಳೆತ ಸೀರೆಯೊಳಗೂ ಮನುಷ್ಯರು ಸಿಗುತ್ತಿದ್ದರು.

ಒಮ್ಮೆ ನಮ್ಮ ಓಣಿಯ ತುದಿಮನೆಯ ಸೊಸೆ, ಸತ್ತ ಅತ್ತೆಯ ನೆನಪಿಗೆ ಕೌದಿ ಆಗಬೇಕೆಂದು ಐದು ಸೀರೆ ತಂದಳು. ಮಾವಶಿ ಮೂಸಿ ಮೂಸಿ ಎರಡನ್ನು ಪಕ್ಕಕ್ಕಿಟ್ಟಳು.

“ಇವೆರಡೂ ನಿನ್ನವ ಅದಾವು. ಅತ್ತೀವು ಛಲೋ ಸೀರಿ ಟ್ರಂಕಿನ್ಯಾಗ ಉಳಕೊಂಡಾವೇನ ಪೋರಿ?”

ಸೊಸೆಯ ಮುಖ ಕೆಂಪಗಾಯಿತು. ಸಂಜೆಯೊಳಗೆ ಆ ಎರಡರ ಬದಲಿಗೆ ಬೇರೆ ಎರಡು ಬಂದವು. ನಾನಾಗ ಲಂಗ ತೊಟ್ಟ ಹುಡುಗಿ. ಮಾವಶಿ ಕಣ್ಣು ಮುಚ್ಚಿದಾಗಲೆಲ್ಲ ನಾನೂ ಅವಳ ಪಕ್ಕ ಕೂತು ಕಣ್ಣು ಮುಚ್ಚುತ್ತಿದ್ದೆ. ನನಗೆ ಮಿಶ್ರಿಯ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆದರೂ ಅವಳು ಹೇಳಿದ್ದನ್ನು ಎರಡು ಮಾತಿಲ್ಲದೆ ನಂಬುತ್ತಿದ್ದೆ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಅವಳ ಮನೆಯ ಬಾಗಿಲು, ನಮ್ಮ ಮನೆಯ ಬಾಗಿಲು ಎದುರುಬದುರು. ಹರೆಯದಲ್ಲಿ ಬೀಡಿ ಕಟ್ಟಿದ ಬೆರಳುಗಳು ಅವಳವು. ಸೂಜಿ ಹಿಡಿದರೆ ಮಾತಾಡುತ್ತಲೇ ಮೊಳ ಉದ್ದ ಹೊಲಿಗೆ ಹಾಕಿ ಮುಗಿಸುತ್ತಿದ್ದಳು. ಕತ್ತರಿ ಕಂಡರೆ ಆಗುತ್ತಿರಲಿಲ್ಲ. ಬಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಚರ್ ಎಂದು ಹರಿಯುತ್ತಿದ್ದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಜೋಳದ ಕಾಳು ಹಾಕುವುದು ಅವಳ ಪದ್ಧತಿ. “ಕೌದಿ ಹೊಟ್ಟಿ ಖಾಲಿ ಇಡಬಾರದವಾ. ಅದು ಹಸಕೊಂಡು ಮಲಗಿದ್ರ ಹೊಚ್ಚಗೊಂಡವ್ರಿಗೆ ನಿದ್ದಿ ಹ್ಯಾಂಗ ಬರಬೇಕು?” ಎನ್ನುತ್ತಿದ್ದಳು.

ನಮ್ಮವ್ವನಿಗೂ ಅವಳಿಗೂ ಬಿಡಿಸಲಾಗದ ಸ್ನೇಹ. ಅವ್ವನನ್ನು ಅತ್ತಿಗೆಯೆಂಬಂತೆ ‘ವೈನಿ’ ಎಂದು ಕರೆಯುತ್ತಿದ್ದಳು. ಪ್ರತಿ ಶುಕ್ರವಾರ ನಮ್ಮ ಕಟ್ಟೆಯ ಮೇಲೆ ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚುವವಳು ಅವಳೇ. ನಾನು ಮಗಳು, ಮದುವೆಯಾದ ಮೇಲೂ ಅದೇ ಮನೆಯಲ್ಲಿದ್ದೆ, ನನಗೆ ಶಾಲೆಯಲ್ಲಿ ಕಲಿಸುವ ಗಡಿಬಿಡಿ. ಈ ಮಾತನ್ನು ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಟೊಪಗಿ ಕಾಕಾನನ್ನು ಮಾವಶಿಯ ಮನೆಗೆ ತಂದದ್ದು ನಾನೇ. ನಮ್ಮ ಶಾಲೆಯಲ್ಲಿ ‘ಕಸದಿಂದ ರಸ’ ಪ್ರದರ್ಶನವಿತ್ತು. ಫೋನಿನಲ್ಲಿ ಹುಡುಕುವಾಗ ಯಾವುದೋ ಪರದೇಶದ ಕುಳ್ಳ ಮುದುಕನ ಬೊಂಬೆ ಕಂಡಿತು. ಮೂಗಿನವರೆಗೆ ಇಳಿಬಿದ್ದ ಚೂಪು ಟೊಪ್ಪಿಗೆ, ಹೊಟ್ಟೆಯವರೆಗೆ ಇಳಿದ ಗಡ್ಡ, ನಡುವೆ ಒಂದು ಗುಂಡು ಮೂಗು. ಅಷ್ಟೇ ಮುಖ. ಮಾವಶಿಗೆ ತೋರಿಸಿದೆ.

“ಅಗ ಬಾಯಿ! ಇವಂಗ ಕಣ್ಣು ಎಲ್ಲಿ ಅದಾವಲೇ?”

“ಟೊಪಗಿ ಕೆಳಗ ಇರ್ತಾವಂತ ಮಾವಶಿ.”

“ಹಂಗಾರ ಮಳ್ಳ ಅಲ್ಲ, ಶ್ಯಾಣ್ಯಾ ಅದಾನ. ಕಂಡೂ ಕಾಣಲಾರದಂಗ ಕುಂತಾನ. ಮೂಗ ನೋಡು, ನಂದ ಐತಿ.”

ಅಂದೇ ಮಧ್ಯಾಹ್ನ ಇಬ್ಬರೂ ಕೂತು ಮೊದಲನೆಯವನನ್ನು ಮಾಡಿದೆವು. ನನ್ನ ಗಂಡನ ಒಂಟಿ ಕಾಲುಚೀಲ ದೇಹವಾಯಿತು. ಉರುಳಬಾರದೆಂದು ತಳಕ್ಕೆ ಎರಡು ಹಿಡಿ ಜೋಳ ಸುರಿದಳು. “ಇವನ ಹೊಟ್ಟಿನೂ ತುಂಬಿತು,” ಎಂದಳು. ಮೇಲೆ ದರ್ಜಿಯ ಅಂಗಡಿಯಿಂದ ಆರಿಸಿ ತಂದ ಚಿಂದಿ ತುರುಕಿ ಬಾಯಿ ಕಟ್ಟಿದಳು. ಹರಿದ ಸ್ವೆಟರಿನ ತೋಳು ಟೊಪ್ಪಿಗೆಯಾಯಿತು. ಹಳೆ ಕುಪ್ಪಸದ ಚೂರಿನೊಳಗೆ ಅರಳೆ ಇಟ್ಟು ಬಿಗಿದಾಗ ಮೂಗು ಬಂತು. ಗೋಣಿಚೀಲದ ನಾರು ಬಿಡಿಸಿ ಬಾಚಿದರೆ ಗಡ್ಡ. ಕಟ್ಟೆಯ ಮೇಲೆ ಕೂರಿಸಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟೊಪಗಿ ಕಾಕಾ ಎಂಬ ಹೆಸರು ಅವಳೇ ಇಟ್ಟಳು.

ಪ್ರದರ್ಶನದ ನಂತರ ಕಾಕಾನಿಗೆ ಊರಲ್ಲೆಲ್ಲ ಮನೆ ಸಿಕ್ಕಿತು. ಟೀವಿಯ ಪಕ್ಕ, ಫ್ರಿಜ್ಜಿನ ಮೇಲೆ, ದೃಷ್ಟಿಗೆಂದು ಬಾಗಿಲಲ್ಲಿ, ಎಲ್ಲಿ ನೋಡಿದರೂ ಮಾವಶಿಯ ಕಾಕಾ. ಕೌದಿಯ ಗಂಟುಗಳು ಮೂಲೆ ಸೇರಿದವು. ಆದರೆ ಗಡ್ಡದ ವಿಷಯದಲ್ಲಿ ಅವಳಿಗೆ ಸಮಾಧಾನವೇ ಇರಲಿಲ್ಲ. ಗೋಣಿ ನಾರು ಕಸಬರಿಗೆಯ ಹಾಗಿದೆ ಎನ್ನುತ್ತಿದ್ದಳು. ಉಣ್ಣೆ ಹಚ್ಚಿ ನೋಡಿದಳು, ಕುರಿಯ ಹಾಗೆ ಕಂಡಿತು. ಅರಳೆ ಹಚ್ಚಿದಳು, ಎರಡು ದಿನಕ್ಕೆ ಹಿಂಜಿ ಹೋಯಿತು. “ಟೊಪಗಿ ಯಾರ ಬೇಕಾದವ್ರು ಹೊಲೀತಾರ ಸುಮಿ. ಗಡ್ಡಾ ಖರೇನ ಗಡ್ಡಾ ಆಗಬೇಕು. ಒಮ್ಮೆರ ಬರೋಬರ ಮಾಡಬೇಕು ನೋಡು,” ಎಂದು ಕೊರಗುತ್ತಿದ್ದಳು. ನಾನು ನಗುತ್ತಿದ್ದೆ. ನಗಬಾರದಿತ್ತು.

ಆ ವರ್ಷವೇ ಅವ್ವ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಮಲಗಿ ಮಲಗಿ ಕೂದಲು ಸಿಕ್ಕುಗಟ್ಟಿದಾಗ, “ಕತ್ತರಿಸಿಬಿಡ್ರಿ,” ಎಂದು ಅವಳೇ ಹೇಳಿದಳು. ಹೆರಳನ್ನು ಮಾವಶಿ ಹಿಡಿದುಕೊಂಡಳು, ಕತ್ತರಿಯಾಡಿಸಿದವಳು ನಾನು. ಮುಕ್ಕಾಲು ಹೆರಳು ಬೆಳ್ಳಗೆ, ತುದಿ ನಾಲ್ಕು ಬೆರಳು ಕೆಂಪು. ಮದರಂಗಿ ಹಚ್ಚುವುದನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ಅದನ್ನು ನೋಡಿದರೆ ತಿಳಿಯುತ್ತಿತ್ತು. ಹದಿನೈದು ದಿನಕ್ಕೆ ಅವ್ವ ಹೋದಳು.

ಅವಳ ಸೀರೆಗಳನ್ನೂ ಹೆರಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾವಶಿಗೆ ಒಪ್ಪಿಸಿದೆ.

“ಇದರಾಗ ಬ್ಯಾರೆಯವ್ರ ಸೀರಿ-ಅರಬಿ ಕೂಡಸಬ್ಯಾಡ ಮಾವಶಿ. ಮತ್ತ ಜ್ವಾಳದ ಬದಲಿ ಕೌದಿ ಹೊಟ್ಯಾಗ ಈ ಹೆರಳ ಇಟ್ಟು ಹೊಲದುಬಿಡು.”

ಮಾವಶಿ ಹೆರಳನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, “ಆತು ಪೋರಿ, ನೀ ಹೇಳಿದಂಗ,” ಎಂದಳು.

ಕೌದಿ ಬಂತು. ಅಂಥ ಕೌದಿಯನ್ನು ಅವಳು ಹಿಂದೆಂದೂ ಹೊಲಿದಿರಲಿಲ್ಲ. ಅವ್ವನ ಹಸಿರು, ಅವ್ವನ ನೀಲಿ, ಇರುವೆ ಸಾಲಿನಂಥ ಹೊಲಿಗೆ. ನಟ್ಟನಡುವೆ ಕೈಯಾಡಿಸಿದರೆ ಮೆತ್ತಗೆ ಒಂದು ಉಂಡೆ ಸಿಗುತ್ತಿತ್ತು. ನನ್ನ ಕೈ ಹಿಡಿದು ಆ ಜಾಗಕ್ಕೆ ಒತ್ತಿ ಮಾವಶಿ ಹೇಳಿದಳು: “ನಿಮ್ಮವ್ವ ಒಳಗ ಆರಾಮ ಮಲಗ್ಯಾಳ.”

ಏಳು ತಿಂಗಳು ನಾನು ಆ ಉಂಡೆಯ ಮೇಲೆ ಕೈ ಇಟ್ಟು ಮಲಗಿದೆ. ಬಾಚಿ ಕೊಡದ ಮಗಳು ಈಗ ದಿನವೂ ಅವ್ವನ ತಲೆ ಸವರಿದೆ. ಶಾಲೆಯಲ್ಲಿ ಬೈಗುಳ ತಿಂದದ್ದನ್ನು ಹೇಳಿಕೊಂಡೆ, ಕ್ಷಮೆ ಕೇಳಿದೆ. ಮಾವಶಿ ಎದುರಾದಾಗಲೆಲ್ಲ, “ನಿನ್ನಿಂದ ನನಗ ನಿದ್ದಿ ಬರಾಕತ್ತೈತಿ,” ಎನ್ನುತ್ತಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, “ಮಲಗವಾ, ಮಲಗು,” ಎನ್ನುತ್ತಿದ್ದಳು.

ಚಿಕ್ಕೋಡಿಯಲ್ಲಿ ನಮ್ಮ ಶಾಲೆಯ ಹಿಂದಿನ ಮುಖ್ಯೋಪಾಧ್ಯಾಯಿನಿಯ ಮನೆಯ ವಾಸ್ತುಶಾಂತಿ. ಹೊಸ ಮನೆ ತೋರಿಸುತ್ತಾ ಅವರು ನನ್ನನ್ನು ಗಾಜಿನ ಕಪಾಟಿನ ಮುಂದೆ ನಿಲ್ಲಿಸಿದರು. ಒಳಗೆ ಒಬ್ಬ ಟೊಪಗಿ ಕಾಕಾ ಕೂತಿದ್ದ. ನುಣ್ಣಗೆ ಬಾಚಿದ ಬೆಳ್ಳನೆಯ ಗಡ್ಡ, ತುದಿ ನಾಲ್ಕು ಬೆರಳು ಕೆಂಪು.

“ಹೆಂಗೈತ್ರಿ ಬಾಯಾರ? ಥೇಟ್ ಹಾಜಿಯವರ ಗಡ್ಡ ಇದ್ದಂಗ ಐತೆಲ್ಲ? ನಿಮ್ಮ ಮಾವಶಿ ಕೊಡಾಕ ತಯಾರ ಇರಲಿಲ್ರಿ. ನಾನ ಹಟಾ ಹಿಡದು ಬೇಡಿ ತಂದೇನಿ.”

ಕಪಾಟಿನ ಗಾಜಿಗೆ ಕೈ ಊರಿ ನಿಂತೆ. ಏನು ಹೇಳಲಿ? ಮಂಗಳಕಾರ್ಯದ ಮನೆಯಲ್ಲಿ, ‘ನಿಮ್ಮ ಬೊಂಬೆಯ ಗಡ್ಡ ಸತ್ತ ನನ್ನವ್ವನ ತಲೆಗೂದಲು’ ಎಂದು ಯಾವ ಬಾಯಿಂದ ಹೇಳಲಿ? ಉಣ್ಣಲು ಕರೆದರು, ಉಂಡೆ. ಹೋಳಿಗೆಯನ್ನೂ ಬಡಿಸಿಕೊಂಡೆ. ಬಸ್ಸಿನಲ್ಲಿ ಕೂತಾಗಲೂ ಮನಸ್ಸು ಅವಳ ಪರವಾಗಿ ವಾದ ಹೂಡುತ್ತಿತ್ತು: ಬೇರೆ ಯಾರದೋ ಕೂದಲಿರಬಹುದು, ಮದರಂಗಿ ಹಚ್ಚುವವರು ಊರಲ್ಲಿ ಒಬ್ಬರೇ ಏನು?

ಮನೆಗೆ ಬಂದವಳೇ ಬಿಸಿಲಿದ್ದಾಗಲೇ ಕೌದಿಯ ನಡುವಿನ ಹೊಲಿಗೆ ಬಿಚ್ಚಿದೆ. ಒಳಗೆ ಗೋಣಿ ನಾರಿನ ಉಂಡೆ ಇತ್ತು. ಅದರ ನಡುವೆ ನಾಲ್ಕು ಜೋಳದ ಕಾಳು. ಏಳು ತಿಂಗಳು ನಾನು ಕ್ಷಮೆ ಕೇಳಿದ್ದು ಗೋಣಿಚೀಲದ ಹತ್ತಿರ.

ಉಂಡೆಯನ್ನು ಕೈಯಲ್ಲಿ ಹಿಡಿದು ಎದುರುಮನೆಗೆ ಹೋದೆ. ಮಾವಶಿ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ನನ್ನ ಕೈ ನೋಡಿದಳು. ಬಾಯಲ್ಲಿದ್ದ ದಾರವನ್ನು ನಿಧಾನಕ್ಕೆ ತೆಗೆದಳು.

“ಗೊತ್ತಾಗಲಿಲ್ಲ ಅಂತ ಹೇಳಬ್ಯಾಡ ಮಾವಶಿ. ಊರ ಮಂದಿ ಸೀರಿ ಮೂಸಿ ಹೆಸರ ಹೇಳಾಕಿ ನೀ.”

“ಗೊತ್ತಿತ್ತವಾ. ಸುಳ್ಳ್ಯಾಕ ಹೇಳ್ಲಿ? ಒಳಗ ಇಡಬೇಕಂತ ಎರಡ ಸಲ ಕೈ ಹಾಕಿದೆ. ಅಂಥಾ ಕೂದಲಾ ಕತ್ತಲ್ಯಾಗ ಹೊಲದು ಮುಚ್ಚೂದು ನನ್ನ ಕೈಲೆ ಆಗಲಿಲ್ಲ. ಮೂವತ್ತ ವರ್ಷ ಬಾಚೇನಿ ನಾ. ಒಬ್ಬಾವ ಕಾಕಾನ ಬರೋಬರ ಮಾಡಿ ನನ್ನ ಕಣ್ಣಮುಂದ ಇಟಗೊಳ್ಳೂನು ಅಂದೆ. ಆ ಚಿಕ್ಕೋಡಿ ಬಾಯಿ ಬಂದು ಕುಂತಬಿಟ್ಳು, ಛಲೋ ಐತಿ, ಛಲೋ ಐತಿ ಅಂದ್ಳು… ನನ್ನ ಕೆಲಸಕ್ಕ ಯಾರೂ ಹಂಗ ಅಂದಿರಲಿಲ್ಲ.”

“ಆರಾಮ ಮಲಗ್ಯಾಳ ಅಂದಿ. ನನ್ನ ಕೈ ಹಿಡದು ಅಂದಿ.”

ಅವಳು ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಕೂದಲು ಕದ್ದದ್ದನ್ನು ನಾನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಒಳ್ಳೆಯ ಕೆಲಸ ಮಾಡುವ ಕೈಗೆ ಒಳ್ಳೆಯ ಸಾಮಾನು ಕಂಡಾಗ ಏನಾಗುತ್ತದೆಂದು ನನಗೂ ಅಷ್ಟಿಷ್ಟು ತಿಳಿಯುತ್ತದೆ. ಆದರೆ ಆ ಮಾತು, ಆಮೇಲೆ ಏಳು ತಿಂಗಳ ‘ಮಲಗವಾ, ಮಲಗು’! ಗೋಣಿ ನಾರನ್ನು ಅವಳ ಮಡಿಲಿಗೆ ಎಸೆದು ಬಂದೆ.

ಎರಡು ತಿಂಗಳು ಎದುರುಬದುರು ಬಾಗಿಲಲ್ಲಿ ಮಾತಿಲ್ಲದೆ ಕಳೆದವು. ಒಂದು ಭಾನುವಾರ ಅವಳೇ ನಮ್ಮ ಹೊಸ್ತಿಲಿಗೆ ಬಂದಳು. ಸೆರಗಿನೊಳಗಿಂದ ಕಾಕಾನನ್ನು ತೆಗೆದು ಕಟ್ಟೆಯ ಮೇಲೆ ಕೂರಿಸಿದಳು. ಗಡ್ಡ ಮೋಟಾಗಿತ್ತು. ಕೆಂಪು ತುದಿ ಇರಲಿಲ್ಲ.

“ಚಿಕ್ಕೋಡಿಗೆ ಹೋಗಿ ತಂದೇನಿ. ಅವರ ಮನ್ಯಾಗಿನ ಹುಡುಗ್ರು ತುದಿ ಕತ್ತರಿಸ್ಯಾರ. ಉಳದದ್ದು ವೈನೀದ ಐತಿ, ತಗೋ.”

“ನಾ ಹ್ಯಾಂಗ ನಂಬ್ಲಿ?”

ಮಾವಶಿ ಬಗ್ಗಿ, ಗಡ್ಡವನ್ನು ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದಳು. “ವೈನೀದ ಐತಿ,” ಎಂದಳು ಮತ್ತೆ.

“ಅಲ್ಲಿ ಇಟ್ಟು ಹೋಗು,” ಎಂದೆ. ಇಟ್ಟು ಹೋದಳು.

ಮರುದಿನ ಚಿಕ್ಕೋಡಿಗೆ ಫೋನ್ ಮಾಡಿದೆ. “ಹೌದ್ರಿ, ಒಯ್ದಾರ,” ಎಂದರು ಅವರು. “ನಮ್ಮ ಹುಡುಗ್ರು ಗಡ್ಡಾ ಕತ್ತರಿಸಿ ಹಾಳ ಮಾಡಿದ್ರು. ಇದನ್ನ ಕಿತ್ತು ಒಗದು, ಬ್ಯಾರೆ ಗಡ್ಡಾ ಹಚ್ಚಿ ತಂದು ಕೊಡತೇನಿ ಅಂದ್ರು.”

ಕಾಕಾನನ್ನು ಬಿಡಿಸಿಕೊಳ್ಳಲು ಅವರಿಗೆ ಸುಳ್ಳು ಹೇಳಿದಳೇ? ಅಥವಾ ಹೇಳಿದ ಹಾಗೆಯೇ ಕಿತ್ತೊಗೆದು, ಯಾರದೋ ಬಿಳಿ ಕೂದಲು ಹಚ್ಚಿ ತಂದು ನನಗೆ ಸುಳ್ಳು ಹೇಳಿದಳೇ? ಇಬ್ಬರಲ್ಲಿ ಒಬ್ಬರಿಗಂತೂ ಹೇಳಿದ್ದಾಳೆ. ಇದನ್ನು ಕೇಳಲು ಎದುರುಮನೆಗೆ ಹೋಗಬೇಕೆಂದು ನಾಲ್ಕು ದಿನ ಮನಸ್ಸು ಗಟ್ಟಿ ಮಾಡಿಕೊಂಡೆ. ಐದನೆಯ ದಿನ ಶಾಲೆಯಿಂದ ಬಂದಾಗ ಅವಳ ಬಾಗಿಲಿಗೆ ಬೀಗವಿತ್ತು. ಅಥಣಿ ಕಡೆ ಐಗಳಿಯಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳಂತೆ. ನನಗೆ ಹೇಳದೆ ಅವಳು ಊರು ಬಿಟ್ಟದ್ದು ಅದೇ ಮೊದಲು.

ಕಾಕಾ ಈಗ ನಮ್ಮ ಕಿಟಕಿಯಲ್ಲಿದ್ದಾನೆ. ಕೌದಿಯ ನಡು ಇನ್ನೂ ಬಿಚ್ಚಿಯೇ ಇದೆ. ಗಡ್ಡ ಬಿಡಿಸಿ ಒಳಗಿಟ್ಟು ಹೊಲಿಯಬೇಕೆಂದು ಎಷ್ಟೋ ಸಲ ಸೂಜಿ ಹಿಡಿದಿದ್ದೇನೆ. ಮೊದಲು ಮೂಸಿ ನೋಡುತ್ತೇನೆ. ಯಾರದೋ ಮನೆಯ ಊದಿನಕಡ್ಡಿ, ಒಂದಿಷ್ಟು ಮಿಶ್ರಿ. ಅವ್ವ ಸಿಗುವುದಿಲ್ಲ. ಸೂಜಿ ಕೆಳಗಿಡುತ್ತೇನೆ.

ಐಗಳಿಗೆ ಬಸ್ಸುಗಳಿವೆ. ಕಾಕಾನನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅವಳ ಮುಂದೆ ಹಿಡಿಯಬಹುದು. ಅವಳು ಗಡ್ಡವನ್ನು ಮುಖಕ್ಕೆ ಒತ್ತಿಕೊಳ್ಳುತ್ತಾಳೆ, ಕಣ್ಣು ಮುಚ್ಚುತ್ತಾಳೆ, ‘ವೈನೀದ ಐತಿ’ ಎನ್ನುತ್ತಾಳೆ. ಅದು ನಿಜವೂ ಇರಬಹುದು. ಮೊದಲೆಲ್ಲ ಅವಳು ಹಾಗೆ ಕಣ್ಣು ಮುಚ್ಚಿದಾಗ ನಾನೂ ಮುಚ್ಚುತ್ತಿದ್ದೆ. ಈಗ ಹೋದರೆ, ಕಣ್ಣು ತೆರೆದುಕೊಂಡು ಅವಳ ಮುಖವನ್ನೇ ನೋಡುತ್ತಾ ಕೂರುತ್ತೇನೆ.