‘ಹ’ ಬಿಟ್ಟು ಓದಿದ ಹುಡುಗಿ

“ತಪ್ಪಾ ಸಾ?”

ಕಳೆದ ಗುರುವಾರ ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿ ನನ್ನನ್ನು ಹೀಗೆ ಕೇಳಿದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಬೆರಳಿನ ಮೇಲಿತ್ತು. ಬೆರಳು ಟ್ಯಾಬಿನ ಮೇಲಿತ್ತು.

ಅಲ್ಲಿ ನನಗೇನು ಕೆಲಸ? ಹೇಳುತ್ತೇನೆ. ಕೆಲವು ವಾರ ಈ ಅಂಕಣ ಬರಲಿಲ್ಲ, ಯಾಕೆಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನನ್ನ ಹೆಂಡತಿ ಹೇಮಾ ತೀರಿಹೋದ ಮೇಲೆ ಅವಳ ಫೋನು ನನ್ನ ಹತ್ತಿರವೇ ಇದೆ. ಒಂದು ದಿನ ಅದಕ್ಕೆ ಕರೆ ಬಂತು. “ಹೇಮಾ ಮೇಡಮ್ಮಾ? ಮಕ್ಕಳ ಓದು ಪರೀಕ್ಷೆಗೆ ಈ ವರ್ಷವೂ ಬರ್ತೀರಲ್ವಾ?” ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೂ ಅವಳು ಅದಕ್ಕೆ ಹೋಗುತ್ತಿದ್ದಳು. ನಾನು ವಿಷಯ ಹೇಳಿದೆ. ಆಮೇಲೆ ನನಗೇ ಗೊತ್ತಿಲ್ಲದೆ ಕೇಳಿಬಿಟ್ಟೆ: “ನಾನು ಬರಲಾ?”

(ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಿ. ನರಸೀಪುರದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದವನು. ಮಗು ಓದುವುದನ್ನು ಕೇಳಲು ಅಷ್ಟು ಸಾಕಂತೆ.)

ಕೆಲಸ ಸುಲಭ. ಮಗು ಓದಬೇಕು, ನಾವು ಕೇಳಬೇಕು. ತಪ್ಪಿದ ಪದವನ್ನು ಮುಟ್ಟಿದರೆ ಅದು ಕೆಂಪಾಗುತ್ತದೆ. ಮೂರಕ್ಕಿಂತ ಹೆಚ್ಚು ಕೆಂಪಾದರೆ ಮಗು ‘ಕಥೆ’ ಮಟ್ಟದಿಂದ ‘ಪದ’ದ ಮಟ್ಟಕ್ಕೆ ಇಳಿಯುತ್ತದೆ. ಆ ಮಟ್ಟದವರನ್ನೆಲ್ಲ, ಯಾವ ತರಗತಿಯವರಾದರೂ, ಒಂದೇ ಗುಂಪಾಗಿ ಕೂರಿಸಿ ಕಲಿಸುತ್ತಾರೆ.

ಹುಡುಗಿಯ ಹೆಸರು ಕೇಳಿದೆ. “ಅರ್ಷಿತಾ ಸಾ.” ಪಟ್ಟಿಯಲ್ಲಿ ‘ಅ’ದ ಕೆಳಗೆ ಹುಡುಕಿದೆ, ಇಲ್ಲ. ಕೊನೆಗೆ ‘ಹ’ದ ಕೆಳಗೆ ಸಿಕ್ಕಳು, ಹರ್ಷಿತಾ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಓದಿದಳು. ಎಲ್ಲೂ ತಡವರಿಸಲಿಲ್ಲ, ಬಸ್ಸಿಗೆ ಹೊತ್ತಾದವರಂತೆ ಓದಿದಳು. “ಅಳ್ಳಿಯ ಅಸು ಅಸಿರು ಉಲ್ಲು ತಿಂದು ಆಲು ಕೊಡುತ್ತದೆ.”

ಒಂದು ವಾಕ್ಯ. ಐದು ಕೆಂಪು.

“ತಪ್ಪಾ ಸಾ?” ಎಂದಳು. “ಪದದ ಗುಂಪ್ಗೆ ಆಕ್ಬುಟ್ರಾ? ಬ್ಯಾಡಿ ಸಾ. ಅಲ್ಲಿ ನನ್ ತಮ್ಮ ಅವ್ನೆ. ಎರಡ್ನೇ ಕ್ಲಾಸು. ಅವ್ನ್ ಪಕ್ಕ ಕೂತ್ಕಂಡ್ರೆ ಮನೇಲಿ ನನ್ನ ಬುಟ್ಟಾನಾ?”

ನಗು ಬಂತು. ಅದರ ಹಿಂದೆಯೇ ಹೇಮಾ ಬಂದಳು.

ಆಗ ಟ್ಯಾಬು ಇರಲಿಲ್ಲ. ಮೂಗೂರು ಕಡೆಯ ಶಾಲೆಯಲ್ಲಿ ಅವಳು ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದಳು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಮಕ್ಕಳ ಹೆಸರು ಬರೆಯುತ್ತಿದ್ದಳು. ಭಾನುವಾರ ನಮ್ಮ ಜಗಲಿಯಲ್ಲಿ ಅವಳು ಹೇಳುವುದು, ನಾನು ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸುವ ಸ್ಟೇಟ್‌ಮೆಂಟ್ ತುಂಬುವುದು. ಕೆಲವು ಹೆಸರುಗಳ ಮುಂದೆ ‘ಮ’ ಎಂದು ಗುರುತು ಇರುತ್ತಿತ್ತು.

“ಇದೇನು, ಮರುಪರೀಕ್ಷೆನಾ?”

“ಅಲ್ಲ ಕಣ್ರೀ. ಮನೆಮಾತು. ಹ ಬಿಟ್ಟು ಓದ್ತವೆ, ಆದ್ರೆ ಓದ್ತವೆ. ತಪ್ಪಲ್ಲ.”

ಕಚೇರಿಯವರು ಅದನ್ನು ವಾಪಸ್ ಕಳಿಸಿದರು, ಇಲ್ಲದ ಕಾಲಂ ಸೇರಿಸಬೇಡಿ ಎಂದು. ಮುಂದಿನ ಸಲ ನಾನೇ ಅಂಗಡಿಯಲ್ಲಿ ಕೂತು ಚೊಕ್ಕವಾಗಿ ಟೈಪ್ ಮಾಡಿದೆ, ‘ಮ’ ತೆಗೆದು, ಆ ಮಕ್ಕಳನ್ನು ಓದು ಬಾರದವರ ಸಾಲಿಗೆ ಸೇರಿಸಿ. ಅವಳು ಹಾಳೆ ನೋಡಿದಳು. “ಚೆನ್ನಾಗಿದೆ. ನನ್ ಮಕ್ಳು ಎಲ್ಲಿ?” ಎಂದಳು. ಅಷ್ಟೇ. ಜಗಳ ಕೂಡ ಆಡಲಿಲ್ಲ. ಆಡಿದ್ದರೆ ಇವತ್ತು ನನಗೆ ಹಗುರಾಗುತ್ತಿತ್ತು.

ಹುಡುಗಿಯನ್ನು ಕೇಳಿದೆ. “ಆಲು ಅಂದ್ರೆ ಏನವ್ವ?”

“ಆಲು ಗೊತ್ತಿಲ್ವಾ ಸಾ? ನಿಮ್ಮನೇಲಿ ಟೀಗೆ ಏನಾಕ್ತಾರೆ?”

ಐದು ಕೆಂಪನ್ನೂ ಅಳಿಸಿದೆ.

ಹಿಂದೆ ನಿಂತಿದ್ದ ಪರೀಕ್ಷೆಯ ಸಂಯೋಜಕಿ, ಚಿಕ್ಕ ವಯಸ್ಸಿನವರು, ಬಗ್ಗಿ ನೋಡಿದರು. “ಸರ್, ಬರೆದ ಹಾಗೇ ಓದಬೇಕು ಅಂತ ರೂಲ್ ಇದೆ. ಒಂದ್ಸಲ ಅಪ್‌ಲೋಡ್ ಆದ್ರೆ ವರ್ಷವಿಡೀ ಬದಲಾಯಿಸೋಕಾಗಲ್ಲ.”

ಅವರು ಹೇಳಿದ್ದು ಸರಿ. ಅದಕ್ಕೇ ನಾನಿನ್ನೂ ಅಪ್‌ಲೋಡ್ ಒತ್ತಿರಲಿಲ್ಲ. ಹುಡುಗಿಯನ್ನು ಹೊರಗೆ ಕಳಿಸಿ, ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ.

ಆಸ್ಪತ್ರೆಯಲ್ಲಿ ಕೊನೆಯ ದಿನ ಹೇಮಾ ಕಣ್ಣು ಮುಚ್ಚಿ ಮಲಗಿದ್ದಳು. “ಹೇಮಾ, ಹೇಮಾ” ಎಂದು ನರ್ಸ್ ಸ್ಪಷ್ಟವಾಗಿ ಕರೆದರು. ಡಾಕ್ಟರೂ ಕರೆದರು. ಅಲುಗಾಟವಿಲ್ಲ. “ನೀವು ಕರೀರಿ” ಎಂದರು. ನಾನು ಕರೆದೆ. “ಏಮಾ.” ನನ್ನ ಬಾಯಿಗೆ ಮದುವೆಯಾದಂದಿನಿಂದ ಬರುತ್ತಿದ್ದದ್ದು ಅಷ್ಟೇ.

ಕಣ್ಣು ಬಿಟ್ಟಳು.

ಸಂಯೋಜಕಿ ಟ್ಯಾಬನ್ನು ನನ್ನ ಕಡೆಗೆ ಸರಿಸಿದರು. “ಕಥೆ ಅಂತಲೇ ಹಾಕಿ ಸರ್. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.”

ಹಾಕಿದೆ. ಷರಾ ಎಂಬ ಖಾಲಿ ಜಾಗ ಕೆಳಗಿತ್ತು. ಅಲ್ಲಿ ‘ಮ’ ಎಂದು ಟೈಪ್ ಮಾಡಿದೆ. ಇಷ್ಟು ವರ್ಷ ತಡವಾಗಿ.

ಹೊರಗೆ ಜಗಲಿಯಲ್ಲಿ ಹರ್ಷಿತಾ ಕಾಯುತ್ತಿದ್ದಳು. “ನಿನ್ನ ಕ್ಲಾಸಲ್ಲೇ ಇರ್ತೀಯವ್ವ” ಎಂದೆ. ಅವಳು ಓಡಿದ್ದು ತಮ್ಮನ ತರಗತಿಯ ಕಡೆಗೆ, ಹೇಳಿಬರಲು.

‘ಹ’ ಕಲಿಸಬೇಡಿ ಎನ್ನುತ್ತಿಲ್ಲ ನಾನು. ಕಲಿಸಿ, ನಾಲ್ಕನೇ ತರಗತಿಯಲ್ಲೇ ಕೂರಿಸಿ ಕಲಿಸಿ. ‘ಹ’ ಬಾರದವರನ್ನೆಲ್ಲ ಹಿಂದಕ್ಕೆ ಕಳಿಸುತ್ತ ಹೋದರೆ, ನಮ್ಮ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಮುಂದಿನ ಬೆಂಚಿಗೆ ಯಾರನ್ನು ಕರೆತರುತ್ತೀರಿ?