ಮೈಗೆ ಕೂತ ಕೋಟು

“ಟೇಲರ್ರ, ಟೇಪ್ ಹಚ್ಚಿ ಅಳತಿ ತಗೋರಿ.”

ಹಾರೂಗೇರಿಯ ನನ್ನ ಹೊಲಿಗೆ ಅಂಗಡಿಗೆ ಬಂದ ಅಜ್ಜ ಎರಡೂ ಕೈ ಅಗಲಿಸಿ ನಿಂತರು. ಸಂವಿಧಾನ ಬರೆದ ಸಾಹೇಬರ ಹಳೆಯ ಫೋಟೊ ತಂದಿದ್ದರು. ಅಂಥದೇ ಕೋಟು ಬೇಕಂತೆ.

“ನಿಮ್ಮ ಅಪ್ಪಾರು ನಮ್ಮನ್ನ ಮುಟ್ಟತಿರಲಿಲ್ರಿ. ದೂರ ನಿಂದ್ರಿಸಿ ಕಣ್ಣಳತಿ ಮ್ಯಾಲೇ ಹೊಲೀತಿದ್ರು. ಒಂದ್ ಅಂಗೀನೂ ಮೈಗೆ ಕೂಡಲಿಲ್ಲ. ಸಾಹೇಬ್ರ ಕೋಟ್ ನೋಡ್ರಿ, ಹೆಂಗ ಕುಂತೈತಿ! ಅವರನ್ನ ಯಾರೋ ಮುಟ್ಟಿ ಅಳತಿ ತಗೊಂಡಾರ.”

ನಾನು ಅವರ ಎದೆಗೆ ಟೇಪು ಸುತ್ತಿದೆ. ಅಜ್ಜ ಕಣ್ಣು ಮುಚ್ಚಿದರು. ಅಳತೆ ಮುಗಿಯಿತೆಂದರೂ ಕೈ ಇಳಿಸಲಿಲ್ಲ.

ವಾರದ ಮೇಲೆ ಹೊಲಿದು ಕೊಟ್ಟ ಕೋಟೇನೋ ಅಜ್ಜನ ಮೈಗೆ ಸರಿಯಾಗಿ ಕೂತಿತು. ಆದರೆ ನನ್ನ ಕೊರಳಲ್ಲಿರುವುದು ತೀರಿಹೋದ ಅಪ್ಪನ ಟೇಪು. ಒಂದೇ ಒಂದು ಸಲ ಅಪ್ಪನ ಕೈಯೇ ಅದನ್ನು ಆ ಎದೆಗೆ ಸುತ್ತಿದ್ದರೆ!