ಬಿತ್ತದೆ ಬಂದ ಕುಂಬಳಕಾಯಿ

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಂಗನವಾಡಿ ಆಯಾ ಇದ್ದರು. ನಲ್ಲಿಯಲ್ಲಿ ನೀರು ಬಂದರೂ, ನಾನು ಒಂದು ಹಿಡಿ ಕರಿಬೇವು ಕೊಟ್ಟರೂ ಸೆರಗನ್ನು ತಲೆಗೆ ಎಳೆದುಕೊಂಡು, ಮೇಲೆ ನೋಡಿ, "ನಂಗ್ಯಾಕಪ್ಪಾ ಇಷ್ಟೊಂದು?" ಎನ್ನುತ್ತಿದ್ದರು.

ಒಂದು ವರ್ಷ ಅವರ ಹಿತ್ತಲ ತಿಪ್ಪೆಯಲ್ಲಿ ಕುಂಬಳದ ಬಳ್ಳಿ ತಾನಾಗಿ ಹಬ್ಬಿ, ಒಂದು ಭಾರೀ ಕಾಯಿ ಬಿಟ್ಟಿತು. ಅವರ ಚರ್ಚಿನ ಸುಗ್ಗಿ ಹಬ್ಬದಲ್ಲಿ ಎಲ್ಲರೂ ಬೆಳೆದದ್ದರಲ್ಲಿ ಒಂದಿಷ್ಟು ತಂದು ದೇವರ ಮುಂದಿಡುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕುತ್ತಾರೆ. ಆಕೆ ಇಡೀ ಕಾಯಿಯನ್ನೇ ಹೊತ್ತು ಹೊರಟರು.

"ಒಂದು ಹೋಳಾದ್ರೂ ಇಟ್ಕಳಿ ಅಕ್ಕಾ" ಎಂದೆ.

"ಬಿತ್ತಿದ್ದು ನಾನಲ್ಲ, ನೀರ್ ಹಾಕಿದ್ದೂ ನಾನಲ್ಲ. ಹೆಂಗ್ ಇಟ್ಕಳ್ಳಿ ಕಣಮ್ಮ?" ಎಂದು ನಕ್ಕರು.

ಜೊತೆಗೆ ಹೋಗಿದ್ದ ನಾನು ಹರಾಜಿನಲ್ಲಿ ಸುಮ್ಮನಿರಲಾರದೆ, ಕೂಗಿ ಕೂಗಿ ಅದೇ ಕಾಯಿಯನ್ನು ಕೊಂಡೆ. ಇಬ್ಬರೂ ಬೆವರುತ್ತಾ ಅದನ್ನು ಮತ್ತೆ ನಮ್ಮ ಬೀದಿಗೇ ಹೊತ್ತು ತಂದೆವು. ಮಧ್ಯಾಹ್ನ ಹುಳಿ ಮಾಡಿ, ಬಿಸಿ ಮುದ್ದೆಯ ಜೊತೆ ಒಂದು ಪಾತ್ರೆ ತುಂಬ ಆಕೆಗೆ ಕೊಟ್ಟೆ. ಮುಚ್ಚಳ ತೆಗೆದು ನೋಡಿದವರು, ಸೆರಗು ಎಳೆದುಕೊಳ್ಳುವುದನ್ನೂ ಮರೆತು, ಮೇಲೆ ನೋಡಿ ಗದರಿದರು:

"ವಾಪಸ್ ಕೊಟ್ರೂ ಬುಡಲ್ವಲ್ಲಪ್ಪಾ ನೀನು!"